ದೌರ್ಜನ್ಯಕ್ಕೊಳಗಾದ ಮಗು ಎದುರು ಕೂತಾಗ ಕೌನ್ಸೆಲರ್ ಏನು ಕೇಳಬೇಕು?

ಚಳ್ಳಕೆರೆ ಕಡೆಯ ಹಾಸ್ಟೆಲ್‌ಗೆ ಹೊಸದಾಗಿ ಕೌನ್ಸೆಲರ್ ಆಗಿ ಸೇರಿದ್ದೇನೆ, ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವನ್ನು ಹೇಗೆ ಮಾತಾಡಿಸಲಿ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ನನ್ನದೂ ಇದೇ ಕೆಲಸ. ನಾನು ಹೇಳೋದು ಇಷ್ಟೆ: ಪ್ರಶ್ನೆ ಕಡಿಮೆ ಮಾಡಿ.

ನಿಮ್ಮ ಹತ್ತಿರ ಬರುವಷ್ಟರಲ್ಲಿ ಮಗು ಅವ್ವನಿಗೋ ವಾರ್ಡನ್‌ಗೋ ಎಲ್ಲ ಹೇಳಿಕೊಂಡಿರುತ್ತೆ. ಪೊಲೀಸರು, ಡಾಕ್ಟರು, ಮ್ಯಾಜಿಸ್ಟ್ರೇಟರು ಕೇಳೋದು ಇನ್ನೂ ಬಾಕಿ. ಆ ಸಾಲಿಗೆ ನೀವೂ ಸೇರಬೇಡಿ, ತನಿಖೆ ನಮ್ಮ ಕೆಲಸವಲ್ಲ. ತಾನಾಗಿ ಹೇಳಿದರೆ ಕೇಳಿ, ಅದರ ಮಾತಲ್ಲೇ ಬರೆದಿಡಿ. ‘ಮಾಮ ಮುಟ್ಟಿದ್ನಾ?’ ಅಂತ ನೀವೇ ಮಾತು ಎತ್ತಿಕೊಡಬೇಡಿ. ನಾಳೆ ಕೋರ್ಟಿನಲ್ಲಿ ಮಗುವಿನ ಮಾತನ್ನೇ ಅನುಮಾನಿಸಲು ಅದೇ ದಾರಿಯಾಗುತ್ತೆ. ‘ಆಗಲೇ ಯಾಕೆ ಹೇಳಲಿಲ್ಲ?’ ಅಂತ ಮಾತ್ರ ಎಂದೂ ಕೇಳಬೇಡಿ. ತಪ್ಪು ತನ್ನದೇ ಅಂತ ಅದು ಮೊದಲೇ ಕೊರಗುತ್ತಿರುತ್ತೆ.

‘ಯಾರಿಗೂ ಹೇಳಬ್ಯಾಡ್ರಿ ಮಿಸ್’ ಅಂದಾಗ ಹೂಂ ಅನ್ನಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಯಾರಿಗೆ ಹೇಳುತ್ತೇನೆ, ಯಾಕೆ ಹೇಳುತ್ತೇನೆ, ಯಾರಿಗೆ ಹೇಳೋದಿಲ್ಲ ಅಂತ ಮೊದಲೇ ಬಿಡಿಸಿ ಹೇಳಿ. ಹೇಳಿಕೆ ಪಡೆಯೋಕೆ ಪೊಲೀಸರು ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ, ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ ಅನ್ನೋದನ್ನೂ ತಿಳಿಸಿ. ಎಷ್ಟೋ ಭಯ ಅಲ್ಲೇ ಇಳಿಯುತ್ತೆ. ಕೇಸು ಮುಗಿಯುವವರೆಗೆ ಜೊತೆಗಿರಲು ಬೆಂಬಲ ವ್ಯಕ್ತಿ ಬೇಕೆಂದು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿ. 2020ರ ಪೋಕ್ಸೊ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಇದೆ.

ನಮ್ಮ ಹೆಚ್ಚು ಹೊತ್ತು ಹೋಗೋದು ತಾಯಂದಿರ ಜೊತೆ. ‘ಮುಂದೆ ಮದುವಿ ಹೆಂಗ್ರಿ ಮೇಡಂ’ ಅಂತ ಅಳುತ್ತಾರೆ. ಅವರನ್ನು ಬೈಯಬೇಡಿ, ಮಗು ಇಲ್ಲದಾಗ ಬೇರೆ ಕೂರಿಸಿಕೊಂಡು ಅಳಲು ಬಿಡಿ. ಆಮೇಲೆ ಅವರ ಬಾಯಿಂದ ಒಂದು ಮಾತು ಮಗುವಿಗೆ ತಲುಪಬೇಕು: ‘ನಿನ್ನ ಮಾತು ನಂಬ್ತೀನವ್ವ, ನಿಂದೇನೂ ತಪ್ಪಿಲ್ಲ.’ ನಾವು ಎಷ್ಟು ಸಲ ಹೇಳಿದರೂ ಅವ್ವ ಹೇಳಿದಷ್ಟು ನಾಟೋದಿಲ್ಲ.

ಇನ್ನು ನಿಮ್ಮ ಕೋಣೆಯಲ್ಲಿ ಎಲ್ಲಿ ಕೂರಬೇಕು, ಬಾಗಿಲು ತೆಗೆದಿರಬೇಕೋ ಬೇಡವೋ, ಮಾತಾಡೋದೋ ಚಿತ್ರ ಬಿಡಿಸೋದೋ, ಎಲ್ಲವನ್ನೂ ಮಗುವೇ ಆರಿಸಲಿ. ಅದರ ಇಷ್ಟ ಕೇಳದೆ ನಡೆದದ್ದೇ ಅದಕ್ಕಾದ ಗಾಯ. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡರೆ ಅದು ಹಟವಲ್ಲ, ಭಯ ಅಂತ ವಾರ್ಡನ್‌ಗೆ ತಿಳಿಹೇಳಿ. ಮಗು ಸಾಯುವ ಮಾತಾಡಿದರೆ ಒಂಟಿ ಬಿಡದೆ ಅವತ್ತೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ.

ಹಾಸ್ಟೆಲ್ಲಿನ ಹೆಸರು ಕೆಡುತ್ತೆ, ಮಗುವನ್ನೇ ಬೇರೆ ಊರಿಗೆ ಕಳಿಸೋಣ ಅನ್ನುವವರು ಬಂದೇ ಬರುತ್ತಾರೆ. ಮೊದಲು ಮಗುವನ್ನು ಕೇಳಿ ಅಂತ ಅವರೆದುರು ಗಟ್ಟಿಯಾಗಿ ನಿಲ್ಲಿ.