ಅಂಗಾಲು ಬೆವರಿಗೆ ಆಪರೇಷನ್: ಬೆಳಗಾವಿಯೋ ಪುಣೆಯೋ?

ಅಂಗಾಲು ಬೆವರೋದಕ್ಕೆ ಸಣ್ಣ ತೂತಿನ ಆಪರೇಷನ್ ಬೆಳಗಾವಿಯಲ್ಲಿ ಮಾಡಿಸಲೋ ಪುಣೆಗೆ ಹೋಗಲೋ ಅಂತ ಕೇಳಿದ್ದೀರಿ. ಊರಿನ ಮಾತು ಆಮೇಲೆ. ನಾನು ವಿಜಯಪುರದವನು. ಗೋಳಗುಮ್ಮಟದಲ್ಲಿ ಚಪ್ಪಲಿ ಬಿಟ್ಟು ನಡೆದರೆ ಕಲ್ಲಿನ ಮೇಲೆ ನನ್ನ ಒದ್ದೆ ಹೆಜ್ಜೆ ಎಣಿಸಬಹುದಿತ್ತು. ಬೀಗರ ಮನೆ ಜಮಖಾನೆ ಮೇಲೆ ಕಾಲಿಡಲು ನಾಚಿಕೆ.

ಚರ್ಮದ ಡಾಕ್ಟರು 20% ಅಲ್ಯುಮಿನಿಯಂ ಕ್ಲೋರೈಡ್ ಬರೆದುಕೊಟ್ಟರು. ಇಲ್ಲೇ ನಾನು ಕೆಟ್ಟದ್ದು. ಅದನ್ನು ರಾತ್ರಿ ಮಲಗುವಾಗ ಪೂರ್ತಿ ಒಣಗಿದ ಅಂಗಾಲಿಗೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ನಾನು ಬೆಳಿಗ್ಗೆ ಜಳಕ ಮಾಡಿ ಒದ್ದೆ ಕಾಲಿಗೇ ಹಚ್ಚಿ, ಮೇಲೆ ಬೂಟು ಏರಿಸಿದೆ. ಕೆಂಡ ತುಳಿದ ಹಾಗೆ ಉರಿ! ನೀರು ತಾಗಿದರೆ ಅದರಿಂದ ಆಸಿಡ್ ಹುಟ್ಟುತ್ತದೆ, ಅದಕ್ಕೇ ಉರಿ. ರಾತ್ರಿ ಬೆವರು ಕಡಿಮೆ, ಔಷಧ ಒಳಗಿಳಿದು ಬೆವರಿನ ರಂಧ್ರ ಮುಚ್ಚುತ್ತದೆ. ಹಗಲು ಹಚ್ಚಿದರೆ ಬೆವರೇ ತೊಳೆದುಬಿಡುತ್ತದೆ. ಚೀಟಿಯಲ್ಲಿ ರಾತ್ರಿ ಅಂತಲೇ ಇತ್ತು, ನಾನು ಓದಲಿಲ್ಲ. ನಾಲ್ಕನೇ ದಿನ ಬಾಟಲಿ ಬಚ್ಚಲ ಕಿಟಕಿ ಸೇರಿತು. ಸರ್ಜನ್ ಕೇಳಿದಾಗ "ಎಲ್ಲಾ ಮಾಡಿ ನೋಡೀನ್ರಿ" ಅಂದುಬಿಟ್ಟೆ. ನಾಲ್ಕು ದಿನ ತಪ್ಪಾಗಿ ಹಚ್ಚಿದ್ದು 'ಎಲ್ಲಾ' ಆಯಿತು ನೋಡಿ.

ಹೊಟ್ಟೆಯ ಪಕ್ಕದಿಂದ ಕ್ಯಾಮೆರಾ ಇಳಿಸಿ, ಬೆನ್ನೆಲುಬಿನ ಬದಿಯ, ಬೆವರು ಸುರಿಸಲು ಹೇಳುವ ಸಿಂಪಥೆಟಿಕ್ ನರದ ತುಂಡು ತೆಗೆದರು, ಎರಡೂ ಕಡೆ. ಅಂಗಾಲು ಒಣಗಿತು, ಸುಳ್ಳು ಹೇಳಲ್ಲ. ಆದರೆ ಬೆವರು ಬೆನ್ನಿಗೆ, ಹೊಟ್ಟೆಗೆ ಹೋಯಿತು. ನಮ್ಮ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಮೂರು ಅಂಗಿ. ಹಿಮ್ಮಡಿ ಒಡೆಯುವುದು ಬೇರೆ. ಅವ್ವ ಅಂಗಿ ಹಿಂಡುತ್ತಾ "ಕಾಲಾಗಿಂದು ಬೆನ್ನಿಗೆ ಹಾಕಿಸ್ಕೊಂಡು ಬಂದೀ" ಅಂತಾಳೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಮೊದಲು ಥೈರಾಯ್ಡ್ ನೋಡಿಸಿ, ಬೆವರಿಗೆ ಅದೂ ಕಾರಣ ಇರಬಹುದು. ಆ ಅಲ್ಯುಮಿನಿಯಂ ಕ್ಲೋರೈಡ್ ಒಂದು ತಿಂಗಳು ಸರಿಯಾಗಿ ಹಚ್ಚಿ. ಬಗ್ಗದಿದ್ದರೆ ಅಯಾಂಟೋಫೋರೆಸಿಸ್: ನೀರಿನ ತಟ್ಟೆಯಲ್ಲಿ ಕಾಲಿಟ್ಟು ಸಣ್ಣ ಕರೆಂಟ್ ಹರಿಸುತ್ತಾರೆ. ವಾರಕ್ಕೆ ಮೂರು ಸಲ, 20-30 ನಿಮಿಷ. ಬೇಜಾರಿನ ಕೆಲಸ, ಆದರೆ ಬೇಡ ಅನಿಸಿದ ದಿನ ನಿಲ್ಲಿಸಬಹುದು. ತೆಗೆದ ನರ ಮತ್ತೆ ಇಡೋಕಾಗಲ್ಲ.

ಕೈ ಬೆವರಿಗೆ ಎದೆಯಲ್ಲಿ ಮಾಡುವ ಆಪರೇಷನ್ನಿಂದ ಕಾಲೂ ಒಣಗುತ್ತದೆ ಅಂದರೆ ನಂಬಿ ಕೂರಬೇಡಿ. ಕಾಲಿಗೆ ಹೋಗುವ ನರ ಸೊಂಟದ ಹತ್ತಿರ ಇರುವುದು. ಗಂಡಸರಾದರೆ ಇನ್ನೊಂದು: ಸೊಂಟದ ಆ ನರದಲ್ಲಿ ಸಾಲಾಗಿ ಗಂಟುಗಳಿರುತ್ತವೆ, ತೀರಾ ಮೇಲಿನ ಗಂಟು ತೆಗೆದರೆ ವೀರ್ಯ ಹೊರಬರುವುದಕ್ಕೆ ತೊಂದರೆ ಆಗಬಹುದು. ಯಾವ ಗಂಟು ತೆಗೆಯುತ್ತೀರಿ, ಇಂಥವು ಎಷ್ಟು ಮಾಡಿದ್ದೀರಿ ಅಂತ ನಾಚದೆ ಕೇಳಿ. ಉತ್ತರ ಸರಿ ಸಿಕ್ಕ ಊರಿಗೆ ಹೋಗಿ.