ಮಗು ಅತ್ತರೆ ತಪ್ಪು ನಿಮ್ಮ ತಟ್ಟೆಯದಲ್ಲ

ಓದುಗರ ಪತ್ರ: ನನ್ನ ಮಗಳಿಗೆ ಈಗ ಏಳು ವಾರ. ಬರೀ ಎದೆಹಾಲು. ಸಂಜೆ ಆರಾದರೆ ಅಳು ಶುರು, ಒಂಬತ್ತರವರೆಗೂ ನಿಲ್ಲುವುದಿಲ್ಲ. ನಾನು ತಿಂದದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಮೊದಲು ಕೋಸು, ಈರುಳ್ಳಿ ಬಿಟ್ಟೆ. ಆಮೇಲೆ ಬೆಳ್ಳುಳ್ಳಿ, ಕಾಳು, ಹುಳಿ ಹಣ್ಣು. ಈಗ ಹಾಲು, ಮೊಸರು. ಅಳು ಕಮ್ಮಿಯಾಗಿಲ್ಲ. ಹತ್ತು ದಿನದಿಂದ ಡಯಾಪರ್ ಹಾಕುವ ಜಾಗ ಬೇರೆ ಕೆಂಪಾಗಿದೆ. ಮನೆಯಲ್ಲಿದ್ದ ಒಂದು ಚರ್ಮದ ಕ್ರೀಮ್ ಹಚ್ಚಿದೆ. ಎರಡು ದಿನ ಕಮ್ಮಿಯಾಗಿ ಮತ್ತೆ ಜಾಸ್ತಿಯಾಯಿತು. ಇದೂ ನನ್ನ ಊಟದಿಂದಲೇನಾ? ಎದೆಗೆ ಬಾವು ಬಂದು ಆಂಟಿಬಯೋಟಿಕ್ ತಗೊಂಡಿದ್ದೆ, ಅದು ಮುಗಿದು ಎರಡು ವಾರ ಆಯಿತು. ಇನ್ನೇನು ಬಿಡಬೇಕು ಹೇಳಿ.
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಏನೂ ಬಿಡಬೇಡಿ. ಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ತಟ್ಟೆಗೆ ವಾಪಸ್ ತನ್ನಿ. ನಿಮ್ಮ ಪತ್ರ ಓದಿದಾಗ ಮಗುವಿಗಿಂತ ನಿಮ್ಮ ಬಗ್ಗೆಯೇ ನನಗೆ ಜಾಸ್ತಿ ಚಿಂತೆಯಾಯಿತು. ಇಷ್ಟೆಲ್ಲ ಬಿಟ್ಟು, ಹಗಲು ರಾತ್ರಿ ಹಾಲೂಡಿಸಿಕೊಂಡು, ನೀವು ಏನು ತಿಂದು ಇರುತ್ತಿದ್ದೀರಿ?

ನಾನು ವೈದ್ಯೆಯಲ್ಲ. ಇಂಥ ಪತ್ರಗಳಿಗೆ ಉತ್ತರ ಬರೆಯಲು ಓದಿ ತಿಳಿದುಕೊಂಡದ್ದನ್ನು, ಎರಡು ಮಕ್ಕಳನ್ನು ಸಾಕಿ ಕಲಿತದ್ದನ್ನು ಹೇಳುತ್ತೇನೆ. ಯಾವುದಕ್ಕೆ ವೈದ್ಯರ ಹತ್ತಿರ ಹೋಗಲೇಬೇಕು ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಕೋಸಿನ ವಿಷಯ. ಕೋಸು, ಕಾಳು ತಿಂದರೆ ನಿಮ್ಮ ಹೊಟ್ಟೆಯಲ್ಲಿ ಗ್ಯಾಸ್ ಆಗಬಹುದು, ನಿಜ. ಆದರೆ ಎದೆಹಾಲು ತಯಾರಾಗುವುದು ಹೊಟ್ಟೆಯಲ್ಲಿರುವ ಊಟದಿಂದ ನೇರವಾಗಿ ಅಲ್ಲ, ರಕ್ತದಿಂದ. ಕರುಳಿನಲ್ಲಿ ನಾರು ಕೊಳೆತು ಹುಟ್ಟುವ ಗ್ಯಾಸ್ ಹಾಲಿನೊಳಗೆ ಹೋಗಿ ಮಗುವಿನ ಹೊಟ್ಟೆ ಉಬ್ಬಿಸುವುದಿಲ್ಲ. ಹಾಲಿಗೆ ಹೋಗುವುದು ರುಚಿ ಮತ್ತು ವಾಸನೆ. 1991ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತಾಯಂದಿರಿಗೆ ಬೆಳ್ಳುಳ್ಳಿಯ ಕ್ಯಾಪ್ಸೂಲ್ ಕೊಟ್ಟು ನೋಡಿದರು. ಸುಮಾರು ಎರಡು ಗಂಟೆಯ ಹೊತ್ತಿಗೆ ಹಾಲಿನ ವಾಸನೆ ಜೋರಾಯಿತು. ಮಕ್ಕಳು ಮುಖ ತಿರುಗಿಸಿದವಾ? ಇಲ್ಲ. ಇನ್ನೂ ಹೆಚ್ಚು ಹೊತ್ತು ಎದೆಗೆ ಕಚ್ಚಿಕೊಂಡು ಕುಡಿದವು. ನೀವು ಬಗೆಬಗೆಯ ಊಟ ಮಾಡಿದಷ್ಟೂ ನಾಳೆ ಮಗು ತಿನ್ನಬೇಕಾದ ರುಚಿಗಳು ಅದಕ್ಕೆ ಈಗಿನಿಂದಲೇ ಪರಿಚಯವಾಗುತ್ತವೆ.

ಹಾಗಾದರೆ ಅಳು ಯಾಕೆ? ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಏಳು ವಾರ, ಸಂಜೆ ಆರು. ಎರಡು ವಾರದ ಹೊತ್ತಿಗೆ ಮಕ್ಕಳ ಅಳು ಏರತೊಡಗುತ್ತದೆ. ಆರನೇ ವಾರದ ಆಚೀಚೆ ತುದಿ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಿಗೆ ಇಳಿದುಬಿಡುತ್ತದೆ. ಬ್ರೆಜೆಲ್ಟನ್ ಎಂಬ ಮಕ್ಕಳ ವೈದ್ಯರು 1962ರಲ್ಲಿ ಇದನ್ನು ಪ್ರಕಟಿಸಿದರು. 80 ಮಕ್ಕಳ ತಾಯಂದಿರು ದಿನಾ ಬರೆದಿಟ್ಟ ಲೆಕ್ಕ ಅದು. ಏನೂ ಕಾಯಿಲೆಯಿಲ್ಲದ ಆ ಮಕ್ಕಳೇ ಎರಡು ವಾರಕ್ಕೆ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ, ಆರು ವಾರಕ್ಕೆ ಎರಡೂಮುಕ್ಕಾಲು ಗಂಟೆ ಅಳುತ್ತಿದ್ದವು. ಅದರಲ್ಲಿ ಜಾಸ್ತಿ ಅಳು ಸಂಜೆಯ ಹೊತ್ತಿನದು. ನಿಮ್ಮ ಮಗಳು ಈಗ ಆ ತುದಿಯಲ್ಲಿದ್ದಾಳೆ.

ಇಲ್ಲೇ ನಾವೆಲ್ಲ ಮೋಸ ಹೋಗುವುದು. ಅಳು ಏರುವಾಗ ಒಂದೊಂದೇ ಪದಾರ್ಥ ಬಿಡುತ್ತಾ ಹೋಗುತ್ತೇವೆ. ಒಂದು ದಿನ ಅಳು ತಾನಾಗಿ ಇಳಿಯುತ್ತದೆ. ಆಗ ಕೊನೆಗೆ ಬಿಟ್ಟ ಪದಾರ್ಥದ ಮೇಲೆ ಗೂಬೆ ಕೂರಿಸುತ್ತೇವೆ. ನಾನೂ ಹಾಗೇ ಮಾಡಿದೆ. ದೊಡ್ಡವನಿಗೆ ಹಾಲು ಕೊಡುವಾಗ ಕಾಳು ಮುಟ್ಟಲಿಲ್ಲ. ಅವನ ಅಳು ಮೂರು ತಿಂಗಳಿಗೆ ನಿಂತಿತು. ಕಾಳು ಬಿಟ್ಟದ್ದರಿಂದಲೇ ಎಂದು ಎಷ್ಟೋ ಜನರಿಗೆ ಹೇಳಿದೆ. ಚಿಕ್ಕವಳಿಗೆ ಹಾಲು ಕೊಡುವಾಗ ಎಲ್ಲವನ್ನೂ ತಿಂದೆ. ಅವಳೂ ಮೂರು ತಿಂಗಳಿಗೇ ಅಳು ನಿಲ್ಲಿಸಿದಳು.

ಊಟಕ್ಕೂ ಅಳುವಿಗೂ ನಿಜವಾಗಿ ನಂಟಿರುವುದೂ ಉಂಟು. ಅಪರೂಪ, ಆದರೆ ಉಂಟು. ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನ್ ಸ್ವಲ್ಪ ಎದೆಹಾಲಿಗೆ ಬರುತ್ತದೆ. ಕೆಲವೇ ಮಕ್ಕಳಿಗೆ ಅದು ಅಲರ್ಜಿ. ಅಂಥ ಮಗು ಸಂಜೆ ಮೂರು ಗಂಟೆ ಅತ್ತು ಉಳಿದ ಹೊತ್ತು ಆರಾಮಾಗಿ ಇರುವುದಿಲ್ಲ. ಮಲದಲ್ಲಿ ರಕ್ತದ ಗೆರೆ ಅಥವಾ ಲೋಳೆ ಕಾಣಬಹುದು. ಮೈಮೇಲೆ ಒಣ ಕಜ್ಜಿ ಏಳಬಹುದು, ವಾಂತಿ ಜಾಸ್ತಿ ಇರಬಹುದು, ತೂಕ ಏರದೆ ಇರಬಹುದು. ಇವು ಇದ್ದರೆ ವೈದ್ಯರನ್ನು ಕೇಳಿ, ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಪೂರ್ತಿ ಬಿಟ್ಟು ನೋಡುವುದು. ಆಮೇಲೆ ಮತ್ತೆ ಕುಡಿದು ನೋಡಬೇಕು. ಮತ್ತೆ ಶುರು ಮಾಡಿದಾಗ ತೊಂದರೆ ಮರುಕಳಿಸಿದರೆ ಮಾತ್ರ ಕಾರಣ ಅದೇ ಎಂದು ಗೊತ್ತಾಗುವುದು. ಈ ಎರಡನೇ ಹೆಜ್ಜೆಯನ್ನು ಎಷ್ಟೋ ಜನ ಇಡುವುದೇ ಇಲ್ಲ. ಸುಮ್ನೆ ತಿಂಗಳುಗಟ್ಟಲೆ ಹಾಲು ಬಿಟ್ಟು ಕೂರುತ್ತಾರೆ. ನೀವು ಬರೆದಿರುವುದರಲ್ಲಿ ಇಂಥ ಲಕ್ಷಣ ಒಂದೂ ಇಲ್ಲ.

ಕಾಫಿಗೆ ಮಾತ್ರ ಒಂದು ಮಿತಿ ಇರಲಿ. ಚಿಕ್ಕ ಮಗುವಿನ ಮೈಯಿಂದ ಕೆಫೀನ್ ಹೊರಹೋಗಲು ದಿನಗಳೇ ಬೇಕು. ದಿನಕ್ಕೆ ಎರಡು ಲೋಟದಲ್ಲಿ ನಿಲ್ಲಿಸಿದರೆ ಸಾಕು. ಚಹಾ ಕುಡಿದರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಇನ್ನು ನಿಮ್ಮ ಊಟ. ಹಾಲೂಡಿಸುವಾಗ ದಿನಕ್ಕೆ ಸುಮಾರು 300ರಿಂದ 500 ಕ್ಯಾಲೊರಿ ಹೆಚ್ಚಿಗೆ ಬೇಕು. ಅಂದರೆ ಇನ್ನೊಂದು ಚಿಕ್ಕ ಊಟವೇ ಬೇಕು. ನೀವು ಅರೆಹೊಟ್ಟೆ ಉಂಡರೂ ಹಾಲು ಬರುತ್ತದೆ, ಕ್ಯಾಲ್ಸಿಯಂ ಕೂಡ ಅದರಲ್ಲಿ ಇರುತ್ತದೆ. ಆದರೆ ಅದು ನಿಮ್ಮ ಮೂಳೆಯಿಂದ ಬರುತ್ತದೆ. ಕೆಲವನ್ನು ಮೈ ಹಾಗೆ ತುಂಬಿಕೊಡಲಾರದು. ಬಿ12 ಮತ್ತು ಅಯೋಡಿನ್ ನಿಮ್ಮಲ್ಲಿ ಕಮ್ಮಿಯಾದರೆ ಹಾಲಿನಲ್ಲೂ ಕಮ್ಮಿ, ಮಗುವಿಗೂ ಕಮ್ಮಿ. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಊಟದಲ್ಲಿ ಬಿ12 ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಅದಕ್ಕೇ ನೀವು ಹಾಲು ಬಿಟ್ಟದ್ದು ನನಗೆ ಕೋಸು ಬಿಟ್ಟದ್ದಕ್ಕಿಂತ ದೊಡ್ಡದಾಗಿ ಕಂಡಿತು. ಮಾಂಸ, ಮೊಟ್ಟೆ ತಿನ್ನುವುದಿಲ್ಲವಾದರೆ ಬಿ12 ಮಾತ್ರೆ ಬೇಕಾ ಎಂದು ವೈದ್ಯರನ್ನು ಕೇಳಿ. ಮಗುವಿಗೆ ದಿನಾ ವಿಟಮಿನ್ ಡಿ ಹನಿ ಕೊಡುವ ಬಗ್ಗೆಯೂ ಕೇಳಿ. ಅದು ಎದೆಹಾಲಿನಲ್ಲಿ ತೀರಾ ಕಮ್ಮಿ. ನೀರು ಬಾಯಾರಿದಾಗಲೆಲ್ಲ ಕುಡಿಯಿರಿ, ಸಾಕು.

ಈಗ ಸಂಜೆಯ ಆ ಮೂರು ಗಂಟೆ. ಮೊದಲು ಹಸಿವಾ ಎಂದು ನೋಡಿ. ಸಂಜೆ ಹೊತ್ತು ಮಕ್ಕಳು ಅರ್ಧ ಗಂಟೆಗೊಮ್ಮೆ ಎದೆ ಕೇಳುವುದು ಮಾಮೂಲು. ಹಾಲು ಕಮ್ಮಿಯಾಯಿತು ಅಂತಲ್ಲ. ದಿನಕ್ಕೆ ಆರು ಅಥವಾ ಹೆಚ್ಚು ಡಯಾಪರ್ ಚೆನ್ನಾಗಿ ಒದ್ದೆಯಾಗುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ.

ಹೊಟ್ಟೆ ತುಂಬಿಯೂ ಅಳುತ್ತಿದ್ದರೆ ಎದೆಗೊತ್ತಿಕೊಂಡು ನಡೆಯಿರಿ. ಜಪಾನಿನ ಸಂಶೋಧಕರು 2022ರಲ್ಲಿ ಹೇಳಿದ ಒಂದು ಕ್ರಮ ನನಗೆ ಇಷ್ಟ. ಎತ್ತಿಕೊಂಡು ಐದು ನಿಮಿಷ ಒಂದೇ ಸಮ ನಡೆಯಬೇಕು. ನಿದ್ದೆ ಬಂದ ತಕ್ಷಣ ಮಲಗಿಸಬಾರದು. ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿದ್ದು ಆಮೇಲೆ ಮಲಗಿಸಬೇಕು. ಮಗು ಎಚ್ಚರಗೊಳ್ಳುವುದು ಬೆನ್ನು ಹಾಸಿಗೆಗೆ ತಾಗಿದಾಗಲ್ಲ, ಅದಕ್ಕೂ ಮೊದಲು, ನಿಮ್ಮ ಮೈಯಿಂದ ಅದರ ಮೈ ಬಿಡಿಸಿಕೊಳ್ಳತೊಡಗಿದಾಗ. ಒಮ್ಮೆ ಗಮನಿಸಿ. ಎದೆಯಿಂದ ಸ್ವಲ್ಪ ಸರಿಸುತ್ತಿದ್ದಂತೆ ಕೈ ಬೆರಳೆಲ್ಲ ಹರಡಿ ಬೆಚ್ಚುತ್ತದೆ. ಆ ಬೆಚ್ಚುವಿಕೆ ಬರದಷ್ಟು ನಿದ್ದೆ ಗಟ್ಟಿಯಾಗಲಿ.

ಗ್ರೈಪ್ ವಾಟರ್, ಗ್ಯಾಸಿನ ಹನಿ ಬೇಡ. ಗ್ಯಾಸಿನ ಹನಿಯಲ್ಲಿರುವ ಸಿಮೆಥಿಕೋನ್ ಎಂಬ ಔಷಧಿಯನ್ನು ಬರೀ ಹುಸಿ ಔಷಧಿಯ ಜೊತೆ ಹೋಲಿಸಿ ನೋಡಿದಾಗ ವ್ಯತ್ಯಾಸ ಕಂಡಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೈದ್ಯರು ಹೇಳಿದ ಔಷಧಿ, ಹನಿ ಬೇರೆ ಮಾತು.

ತಲೆ ಸಿಡಿಯುವ ಹಾಗೆ ಆದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಹೊರಗೆ ಬಂದು ಕೂತುಕೊಳ್ಳಿ. ಅತ್ತರೆ ಅಳಲಿ. ಅಲುಗಾಡಿಸಿ ಸುಮ್ಮನಾಗಿಸಲು ಯಾರೂ, ಯಾವತ್ತೂ ಹೋಗಬಾರದು. ಜೋರಾಗಿ ಕುಲುಕಿದರೆ ಮಿದುಳಿನೊಳಗೆ ರಕ್ತ ಸೋರಿ ಜೀವಕ್ಕೇ ಕುತ್ತು. ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಇದನ್ನು ಹೇಳಿಡಿ.

ಇವು ಕಂಡರೆ ಕಾಯಬೇಡಿ: 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಕುಡಿಯಲು ಒಲ್ಲದಿರುವುದು, ಎಬ್ಬಿಸಿದರೂ ಏಳದ ಮಂಪರು. ಅಳುವ ದನಿ ಎಂದಿನಂತಿಲ್ಲ ಎಂದು ನಿಮಗೆ ಅನ್ನಿಸಿದರೂ ಅಷ್ಟೇ. ಆಗಲೇ ಹೋಗಿ.

ಇನ್ನು ಡಯಾಪರ್ ಜಾಗದ ಕೆಂಪು. ನಿಮ್ಮ ಹುಳಿ ಹಣ್ಣಿನಿಂದ ಅಲ್ಲ. ಅಲ್ಲಿ ಆಗುವುದು ಹುಳಿಯ ತದ್ವಿರುದ್ಧ. ಮೂತ್ರವೂ ಮಲವೂ ಒಟ್ಟಿಗೆ ನಿಂತರೆ ಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ, ಒದ್ದೆ ಕ್ಷಾರವಾಗುತ್ತದೆ. ಆ ಕ್ಷಾರದಲ್ಲಿ ಮಲದೊಳಗಿನ ಕಿಣ್ವಗಳು ಚುರುಕಾಗಿ ಚರ್ಮವನ್ನು ತಿನ್ನತೊಡಗುತ್ತವೆ. ನೆನೆದ ಚರ್ಮಕ್ಕೆ ಡಯಾಪರಿನ ಉಜ್ಜಾಟ ಬೇರೆ. ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕ್ಷಾರ ಕಮ್ಮಿ. ಹಾಗಾಗಿ ಈ ವಿಷಯದಲ್ಲಿ ನಿಮ್ಮ ಹಾಲು ಮಗುವಿನ ಪರವಾಗಿಯೇ ಕೆಲಸ ಮಾಡುತ್ತಿದೆ.

ನಾಳೆ ಬೆಳಗಿನ ಬೆಳಕಿನಲ್ಲಿ ಮಗುವನ್ನು ಮಲಗಿಸಿ, ತೊಡೆ ಸಂದಿನ ಮಡಿಕೆಯನ್ನು ಎರಡು ಬೆರಳಿಂದ ಮೆಲ್ಲಗೆ ಬಿಡಿಸಿ ನೋಡಿ. ಬರೀ ಒದ್ದೆಯಿಂದ ಬಂದ ಕೆಂಪಾದರೆ ಡಯಾಪರ್ ತಾಗುವ ಉಬ್ಬಿನ ಮೇಲೆ ಇರುತ್ತದೆ. ಮಡಿಕೆಯ ಆಳ ಕೆಂಪಾಗದೆ ಎಂದಿನ ಬಣ್ಣದಲ್ಲೇ ಇರುತ್ತದೆ. ಮಡಿಕೆಯ ಒಳಗೇ ಗಾಢ ಕೆಂಪು ಕಂಡರೆ, ಅಂಚಿನಾಚೆ ಸಾಸಿವೆ ಕಾಳಿನಂಥ ಚುಕ್ಕೆಗಳು ಚದುರಿದ್ದರೆ, ಅದು ಕ್ಯಾಂಡಿಡಾ ಎಂಬ ಫಂಗಸ್ ಇರಬಹುದು. ನನಗೆ ಈ ಅನುಮಾನ ಬಂದದ್ದು ನೀವು ಪತ್ರದ ಕೊನೆಗೆ ಬರೆದ ಆಂಟಿಬಯೋಟಿಕ್ ಸಾಲಿನಿಂದ. ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಫಂಗಸ್ ಬೆಳೆಯುತ್ತದೆ. ಹಾಲೂಡಿಸುವ ತಾಯಿ ತಗೊಂಡರೂ ಹೀಗಾಗುವುದುಂಟು. ಅದಕ್ಕೆ ಫಂಗಸ್ ಕೊಲ್ಲುವ ಕ್ರೀಮೇ ಬೇಕು, ಅದನ್ನು ವೈದ್ಯರೇ ಬರೆದುಕೊಡಬೇಕು. ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಇದೆಯಾ, ಹಾಲೂಡಿಸುವಾಗ ನಿಮಗೆ ತೊಟ್ಟು ಉರಿಯುತ್ತದಾ, ನೋಡಿ. ಇದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ನೀವು ಹಚ್ಚಿದ ಆ ಕ್ರೀಮನ್ನು ಇವತ್ತೇ ನಿಲ್ಲಿಸಿ. ಎರಡು ದಿನ ಕಮ್ಮಿಯಾಗಿ ಮತ್ತೆ ಏರಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಇದ್ದೀತು. ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಫಂಗಸ್ಸನ್ನು ಬೆಳೆಯಲು ಬಿಡುತ್ತದೆ. ಡಯಾಪರಿನ ಬಿಗಿ ಮುಚ್ಚಿಗೆಯಲ್ಲಿ ಅದು ಚರ್ಮದೊಳಗೆ ಇನ್ನೂ ಜಾಸ್ತಿ ಇಳಿಯುತ್ತದೆ.

ಯಾವುದೇ ಕೆಂಪಾದರೂ ಮನೆಯ ಆರೈಕೆ ಒಂದೇ. ಎರಡು ಮೂರು ಗಂಟೆಗೊಮ್ಮೆ ಡಯಾಪರ್ ಬದಲಿಸಿ, ಕಕ್ಕ ಮಾಡಿದ ಕೂಡಲೇ ಬದಲಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ತೊಳೆಯಿರಿ, ಉಜ್ಜದೆ ಒತ್ತಿ ಒರೆಸಿ. ಪೂರ್ತಿ ಒಣಗುವವರೆಗೆ ಹಾಗೇ ಬಿಡಿ. ಆಮೇಲೆ ಜಿಂಕ್ ಆಕ್ಸೈಡ್ ಕ್ರೀಮನ್ನು ಚರ್ಮದ ಬಣ್ಣ ಕಾಣದಷ್ಟು ದಪ್ಪಗೆ ಬಳಿಯಿರಿ. ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ಮುಂದಿನ ಸಲ ಬದಲಿಸುವಾಗ ಕೊಳೆಯಾದ ಮೇಲ್ಪದರ ಮಾತ್ರ ತೆಗೆಯಿರಿ. ಅಡಿಯ ಕ್ರೀಮನ್ನು ಕೆರೆದು ತೆಗೆದರೆ ಅರ್ಧ ಮಾಗಿದ ಚರ್ಮವೂ ಅದರ ಜೊತೆ ಹೋಗುತ್ತದೆ. ನಾನು ದೊಡ್ಡವನಿಗೆ ಶುಚಿ ಎಂದು ದಿನಾ ತಿಕ್ಕಿ ತಿಕ್ಕಿ ತೆಗೆದು, ಮೂರು ದಿನದಲ್ಲಿ ವಾಸಿಯಾಗಬೇಕಾದ್ದನ್ನು ಎರಡು ವಾರ ಎಳೆದೆ. ಪೌಡರ್ ಬೇಡ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಡುಗೆ ಸೋಡಾ, ಬೋರಿಕ್ ಪೌಡರ್ ಹಚ್ಚಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಕೆಟ್ಟ ಚರ್ಮದ ಮೂಲಕ ಅವು ರಕ್ತಕ್ಕೆ ಸೇರಿ ಮಕ್ಕಳಿಗೆ ವಿಷವಾದದ್ದಿದೆ.

ಸಾಮಾನ್ಯ ಕೆಂಪು ಇಷ್ಟು ಆರೈಕೆಗೆ ಎರಡು ಮೂರು ದಿನದಲ್ಲಿ ತಿಳಿಯಾಗುತ್ತದೆ. ನಿಮ್ಮ ಮಗಳದ್ದು ಆಗಲೇ ಹತ್ತು ದಿನ ದಾಟಿದೆ. ಅದಕ್ಕೇ ಇನ್ನು ಮನೆಯಲ್ಲೇ ಕಾದು ನೋಡಬೇಡಿ, ನಾಳೆಯೇ ಮಕ್ಕಳ ವೈದ್ಯರಿಗೆ ತೋರಿಸಿ. ತೂಕವನ್ನೂ ನೋಡಿಸಿ. ಹೊರಡುವ ಮುಂಚೆ ನೀವು ಹೊಟ್ಟೆ ತುಂಬ ಊಟ ಮಾಡಿ, ಆ ಕ್ರೀಮಿನ ಟ್ಯೂಬನ್ನು ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ.