ಸ್ಕ್ರೂ ತಿರುವಿದ್ರೆ ರೇಸ್ ಇಳಿಯಲ್ಲ ಸ್ವಾಮಿ

ಪ್ರಶ್ನೆ: ಸರ್, ನಾವು ವಿಜಯಪುರ ಕಡೆಯವ್ರು, ಚಿಂಚವಾಡದಾಗ ಅದೀವಿ. ಅಪ್ಪಾರ 1996ರ ಬಜಾಜ್ ಚೇತಕ್ ಇನ್ನೂ ನಾನೇ ಓಡಿಸ್ತೀನಿ. ಒಂದು ತಿಂಗಳಿಂದ ಗಾಡಿ ಬಿಸಿ ಆದಮ್ಯಾಲ ಎಕ್ಸಿಲೇಟರ್ ಬಿಟ್ರೂ ರೇಸ್ ಇಳಿಯಂಗಿಲ್ಲ, ಸಿಗ್ನಲ್‌ನಾಗ ಒದರಕೋತ ನಿಂದರ್ತದ. ಕ್ಲಚ್ ಪೂರಾ ಹಿಡಿದು ಫಸ್ಟ್ ಹಾಕಿದ್ರೂ ಮುಂದ ಜಗ್ತದ. ಮಿಸ್ತ್ರಿ ಮೂರು ಸಲ ಸ್ಕ್ರೂ ತಿರುವಿದ, ಈಗ ಕಾರ್ಬೊರೇಟರೇ ಹೊಸಾದು ಹಾಕ್ಸು ಅಂತಾನ. ಹಾಕಿಸ್ಲ್ಯಾ?
— ಒಬ್ಬ ಓದುಗರು, ಚಿಂಚವಾಡ

ಉತ್ತರ: ಬ್ಯಾಡ್ರೀ, ದುಡ್ಡು ಕಿಸೆದಾಗ ಇರ್ಲಿ. ಬಿಸಿ ಆದಮೇಲೆ ರೇಸ್ ಏರುತ್ತೆ ಅಂದ್ರೆ ಸಾಮಾನ್ಯವಾಗಿ ಇಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳ್ಕೊಳ್ತಿದೆ, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ. ಅದು ಒದರ್ತಾ ಇರುವಾಗ್ಲೇ ಚೋಕ್ ಎಳೆದು ನೋಡಿ, ರೇಸ್ ಇಳಿದು ಇಂಜಿನ್ ಸಮಾಧಾನ ಆದ್ರೆ ಅನುಮಾನ ನಿಜ. ಏರ್ ಫಿಲ್ಟರ್ ತೆಗೆದ್ರೆ ಕಾರ್ಬೊರೇಟರನ್ನ ಇಂಜಿನ್‌ಗೆ ಹಿಡಿದಿರೋ ಎರಡು ಬೋಲ್ಟ್ ಕಾಣುತ್ತೆ, ಅವು ಸಡಿಲ ಆಗಿದ್ಯಾ, ಕೆಳಗಿನ ಪ್ಯಾಕಿಂಗ್ ಹರಿದಿದ್ಯಾ ಮೊದಲು ನೋಡಿಸಿ. ಅದು ಸರಿ ಇದ್ರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ದಂಡದ) ಎರಡೂ ಕಡೆಯ ಆಯಿಲ್ ಸೀಲ್ ಮೇಲೆ ಕಣ್ಣು. ಮ್ಯಾಗ್ನೆಟ್ ಕಡೆ ಸೀಲ್ ಹೋದ್ರೆ ಗಾಳಿ ಎಳೆಯುತ್ತೆ, ಕ್ಲಚ್ ಕಡೇದು ಹೋದ್ರೆ ಗೇರ್ ಆಯಿಲನ್ನೇ ಕುಡಿಯುತ್ತೆ, ಸೈಲೆನ್ಸರಿಂದ ಬಿಳಿ ಹೊಗೆ ಮೋಡದಂಗೆ ಬರುತ್ತೆ. ಗಾಡಿ ನೆಟ್ಟಗೆ ನಿಲ್ಸಿ, ಇಂಜಿನ್ ತಣ್ಣಗಿದ್ದಾಗ ಗೇರ್ ಆಯಿಲ್ ಹಾಕೋ ಸ್ಕ್ರೂ ಬಿಚ್ಚಿ, ಆಯಿಲ್ ಆ ತೂತಿನ ಬಾಯಿಗೆ ಇರಬೇಕು. ಇಳಿದಿದೆ, ಕೆಳಗೆ ನೆಲದ ಮೇಲೆ ಒಂದು ಹನಿ ಕಲೆ ಇಲ್ಲ ಅಂದ್ರೆ ಆಯಿಲ್ ಎಲ್ಲಿಗೆ ಹೋಯ್ತು ಹೇಳಿ? ಕ್ಲಚ್ ಕಡೆ ಸೀಲ್‌ಗೆ ಇಂಜಿನ್ ಬಿಚ್ಚೋ ಕೆಲಸ ಅಂತಲೇ ಇಟ್ಕೊಳ್ಳಿ. ಸಾಮಾನು ಪುಣೆಯ ನಾನಾ ಪೇಠದಲ್ಲಿ ಹುಡುಕಿ. ನಿಮ್ಮ ಪಕ್ಕದ ಆಕುರ್ಡಿ ಚೇತಕ್‌ನ ಹುಟ್ಟೂರು, ಹಳೇ ಕೈ ಮಿಸ್ತ್ರಿ ಯಾರಾದ್ರೂ ಸಿಕ್ಕೇ ಸಿಗ್ತಾರೆ.

ಅಲ್ಲಿವರೆಗೂ ಕಾತ್ರಜ್ ಘಾಟ್ ಗೀಟ್ ಹತ್ಬೇಡಿ. ಟೂ ಸ್ಟ್ರೋಕ್‌ಗೆ ಪಿಸ್ಟನ್ ಆಯಿಲ್ ಪೆಟ್ರೋಲ್ ಜೊತೆಗೇ ಬರೋದು, ಲೀಟರಿಗೆ 20 ಎಂಎಲ್. ಪೆಟ್ರೋಲ್ ಕಮ್ಮಿ ಅಂದ್ರೆ ಆಯಿಲೂ ಕಮ್ಮಿ, ಏರಿನಲ್ಲಿ ಪಿಸ್ಟನ್ ಹಿಡ್ಕೊಂಡ್ರೆ ಸಿಲಿಂಡರ್ ಬೋರ್ ಮಾಡ್ಸೋ ಖರ್ಚು ಬೇರೆ.

ಇನ್ನು ಕ್ಲಚ್. ರೇಸ್ ಜಾಸ್ತಿ ಇದ್ದಾಗ ಕ್ಲಚ್ ಸ್ವಲ್ಪ ಅಂಟಿದ್ರೂ ಗಾಡಿ ಜೋರಾಗಿ ಜಗ್ಗುತ್ತೆ, ಅದಕ್ಕೇ ರೇಸ್ ಮೊದಲು ಸರಿ ಮಾಡ್ಸಿ ಅಂದಿದ್ದು. ಆಮೇಲೆ ಲಿವರ್ ನೋಡಿ, ಆಟ ಒಂದೆರಡು ಮಿಲಿಮೀಟರ್ ಸಾಕು, ಜಾಸ್ತಿ ಲೂಸ್ ಇದ್ರೆ ಪ್ಲೇಟ್ ಪೂರ್ತಿ ಬಿಡಲ್ಲ. ಕೇಬಲ್ ತುದಿಯ ನಿಪ್ಪಲ್ ಹತ್ರ ಬೆರಳಾಡಿಸಿ, ಒಂದೆರಡು ಎಳೆ ಸೂಜಿ ಥರ ಚುಚ್ಚಿದ್ರೆ ಅದಕ್ಕೆ ಆಯುಷ್ಯ ಮುಗೀತು. ನಾನು ಹಂಗೇ ಚುಚ್ಚಿಸ್ಕೊಂಡು, ನಾಳೆ ನೋಡೋಣ ಅಂದು, ಸ್ವಾರ್ಗೇಟ್ ಸಿಗ್ನಲ್‌ನಲ್ಲಿ ಕೇಬಲ್ ಕಡಿದು ಪಿಎಂಪಿ ಸಿಟಿ ಬಸ್ಸಿನ ಮುಂದೆ ಸೆಕೆಂಡ್ ಗೇರಲ್ಲೇ ಗಾಡಿ ಬಂದ್ ಮಾಡ್ಕೊಂಡು ನಿಂತಿದ್ದೀನಿ, ಹಿಂದಿನ ಡ್ರೈವರ್ ಮರಾಠೀಲಿ ಏನಂದ ಅಂತ ಇಲ್ಲಿ ಬರಿಯೋಕಾಗಲ್ಲ. ಆವತ್ತಿಂದ ಡಿಕ್ಕೀಲಿ ಕ್ಲಚ್ ಕೇಬಲ್‌ನ ಒಂದು ಒಳವಯರ್ ಇದ್ದೇ ಇರುತ್ತೆ. ಕೇಬಲ್ ಸರಿ ಇದ್ದೂ ಜಗ್ಗಿದ್ರೆ ಕ್ಲಚ್ ಪ್ಲೇಟ್ ಬಿಚ್ಚಿಸಿ ನೋಡೋದೇ.

ಪ್ರಶ್ನೆ: ನನ್ನದು ಗೇರ್ ಇಲ್ಲದ ಸ್ಕೂಟರ್, ಬ್ರೇಕ್ ಬಿಟ್ರೆ ಸಿಗ್ನಲ್‌ನಲ್ಲಿ ತಾನೇ ಮುಂದೆ ಹೋಗುತ್ತೆ. ಕ್ಲಚ್ ಹೋಯ್ತಾ?
— ಓದುಗರು, ಡೊಂಬಿವಲಿ

ಉತ್ತರ: ಬಹುಶಃ ಇಲ್ಲ. ನಿಮ್ಮ ಕ್ಲಚ್‌ಗೆ ಲಿವರ್ ಇಲ್ಲ, ಇಂಜಿನ್ ಜೋರಾಗಿ ತಿರುಗಿದಾಗ ಒಳಗಿನ ಶೂ ತಾನೇ ಅಗಲಿ ಹಿಡಿಯೋದು, ಐಡ್ಲಿಂಗ್ (ಎಕ್ಸಿಲೇಟರ್ ಬಿಟ್ಟಾಗಿನ ರೇಸ್) ಜಾಸ್ತಿ ಇಟ್ಟಿದ್ರೆ ನಿಂತಾಗ್ಲೂ ಹಿಡಿಯುತ್ತೆ. ಎಕ್ಸಿಲೇಟರ್ ಕೇಬಲ್ ಎಲ್ಲೂ ಸಿಕ್ಕಾಕೊಂಡಿಲ್ಲ ಅಂತ ನೋಡಿ, ಐಡ್ಲಿಂಗ್ ಇಳಿಸಿ. ಆಮೇಲೂ ಗಾಡಿ ತಾನೇ ಮುಂದೆ ಹೋದ್ರೆ ಶೂ ಸ್ಪ್ರಿಂಗ್ ಸಡಿಲ ಆಗಿದೆ ಅಂತ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನಿಧಾನಕ್ಕೆ ತಿರುಗಿದ್ರೆ ಗಾಬರಿ ಬೇಡ, ಬ್ರೇಕ್ ಮುಟ್ಟಿದ್ರೆ ನಿಲ್ಲುತ್ತೆ.